ಮೆಂಟರ್ ಮತ್ತು ವಿದ್ಯಾರ್ಥಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಪದವಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು, ಅವರ ಮನೆಯವರು, ಹೊಸದಾಗಿ ಮೆಂಟರ್ ಜವಾಬ್ದಾರಿ ಹೊತ್ತ ಅಧ್ಯಾಪಕರು ಕೇಳುವ ಪ್ರಶ್ನೆಗಳು ಇವು. ಉತ್ತರಿಸುತ್ತಿರುವುದು ಈ ಕೆಲಸವನ್ನು ವರ್ಷಗಳಿಂದ ಮಾಡುತ್ತಿರುವ ಒಬ್ಬ ಅಧ್ಯಾಪಕಿ. ನಿಯಮ ಇರುವ ಕಡೆ ನಿಯಮ ಹೇಳಿದ್ದೇನೆ. ಉಳಿದದ್ದು ನನ್ನ ಅಭಿಪ್ರಾಯ.

ಮೆಂಟರ್ ಅಂದರೆ ಯಾರು? ಪಾಠ ಮಾಡುವ ಮೇಷ್ಟ್ರಿಗೂ ಅವರಿಗೂ ಏನು ವ್ಯತ್ಯಾಸ?

ಕಾಲೇಜಿಗೆ ಸೇರಿದ ಮೊದಲ ವಾರಗಳಲ್ಲೇ ಪ್ರತಿ ವಿದ್ಯಾರ್ಥಿಯನ್ನೂ ಒಬ್ಬ ಅಧ್ಯಾಪಕರಿಗೆ ವಹಿಸುತ್ತಾರೆ. ಕೆಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅವರನ್ನು ಪ್ರಾಕ್ಟರ್ ಅನ್ನುತ್ತಾರೆ, ಐಐಟಿಗಳಲ್ಲಿ ಫ್ಯಾಕಲ್ಟಿ ಅಡ್ವೈಸರ್. ಗಣಿತದ ಮೇಷ್ಟ್ರಿಗೆ ನಿಮ್ಮ ಗಣಿತದ ಅಂಕ ಗೊತ್ತು. ಹಾಸ್ಟೆಲ್ ವಾರ್ಡನ್‌ಗೆ ನೀವು ಊಟ ಬಿಡುತ್ತಿರುವುದು ಗೊತ್ತು. ಕಚೇರಿಗೆ ನಿಮ್ಮ ಫೀ ಬಾಕಿ ಗೊತ್ತು. ಈ ಮೂರೂ ಒಂದೇ ಹುಡುಗನ ಕಥೆ ಎಂದು ಯಾರಿಗಾದರೂ ಕಾಣಬೇಕಲ್ಲ, ಆ ಯಾರಾದರೂ ಮೆಂಟರ್.

ನ್ಯಾಕ್ ತಂಡ ಬಂದಾಗ ತೋರಿಸುವ ಫೈಲ್ ಅಷ್ಟೇ ಅಲ್ಲವೇ ಇದು?

ಸ್ಟಾಫ್ ರೂಮಿನಲ್ಲೂ ಕ್ಯಾಂಟೀನಿನಲ್ಲೂ ಕೇಳಿಬರುವ ಮಾತು. ಪೂರ್ತಿ ಸುಳ್ಳೂ ಅಲ್ಲ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ, ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್, ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂಬ ಅನುಪಾತವನ್ನು ಕಾಲೇಜುಗಳಿಂದ ಕೇಳುತ್ತ ಬಂದಿದೆ. ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ವರದಿಯಲ್ಲೂ ಮೆಂಟರಿಂಗ್‌ಗೆಂದೇ ಒಂದು ಭಾಗ ಮತ್ತು ಅಂಕ ಉಂಟು. ಹಾಗಾಗಿ ಎಷ್ಟೋ ಕಡೆ ತಂಡ ಬರುವ ಹಿಂದಿನ ವಾರ ಕುಳಿತು ಇಡೀ ವರ್ಷದ ಮೆಂಟರ್ ಡೈರಿ ತುಂಬಿಸುವುದು, ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ ಸಹಿ ಹಾಕಿಸುವುದು ನಡೆಯುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಹಾಗೆ ಸಹಿ ಹಾಕಿದ ಹುಡುಗಿಗೆ ನಿಜವಾಗಿ ಕಷ್ಟ ಬಂದ ದಿನ ಆ ಅಧ್ಯಾಪಕರ ಬಾಗಿಲು ತಟ್ಟುವ ಮನಸ್ಸು ಬರುವುದಿಲ್ಲ. ಅನುಪಾತ ಕೇಳುವುದರಲ್ಲಿ ತಪ್ಪಿಲ್ಲ. ಭೇಟಿಯೇ ನಡೆಯದೆ ಅನುಪಾತ ಬರೆದುಕೊಡುವುದು ತಪ್ಪು.

ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳಿದ್ದರೆ ಸರಿ?

ಹೊಸ ವಿದ್ಯಾರ್ಥಿಗಳ ಇಂಡಕ್ಷನ್‌ಗಾಗಿ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ರೂಪಿಸಿದ ಕಾರ್ಯಕ್ರಮದಲ್ಲಿ ಸುಮಾರು 20 ಮಂದಿಯ ಗುಂಪಿಗೆ ಒಬ್ಬ ಅಧ್ಯಾಪಕ ಎಂದಿದೆ. 20 ಮಂದಿಯ ಹೆಸರು, ಊರು, ಮನೆಯ ಸ್ಥಿತಿ ನೆನಪಿನಲ್ಲಿ ಉಳಿಯುತ್ತದೆ. 60 ದಾಟಿದರೆ ಉಳಿಯುವುದು ಯುಎಸ್‌ಎನ್, ಅಂದರೆ ನೋಂದಣಿ ಸಂಖ್ಯೆ ಮಾತ್ರ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿಎ, ಬಿಕಾಂ ವಿಭಾಗಗಳಲ್ಲಿ 20ರ ಲೆಕ್ಕ ಕನಸೇ. ಅಂಥಲ್ಲಿ ಎಲ್ಲರನ್ನೂ ಸಮನಾಗಿ ಭೇಟಿಯಾಗುವ ಹಟ ಬಿಡಿ. ಮೊದಲ ತಿಂಗಳು ಪ್ರತಿಯೊಬ್ಬರೊಂದಿಗೂ ಹತ್ತು ನಿಮಿಷ ಕೂತು ಮಾತಾಡಿ, ಯಾರನ್ನು ವಾರಕ್ಕೊಮ್ಮೆ ನೋಡಬೇಕು, ಯಾರನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು ಎಂದು ನೀವೇ ತೀರ್ಮಾನಿಸಿ.

ನಾನು ಹೊಸ ಮೆಂಟರ್. ಮೊದಲ ಭೇಟಿಯಲ್ಲಿ ಏನು ಕೇಳಬೇಕು?

"ಏನಾದರೂ ಸಮಸ್ಯೆ ಇದೆಯಾ?" ಎಂದು ಮಾತ್ರ ಶುರು ಮಾಡಬೇಡಿ. ನೂರಕ್ಕೆ ನೂರು "ಇಲ್ಲ ಮೇಡಂ" ಎಂಬ ಉತ್ತರವೇ ಬರುತ್ತದೆ. ಈಗಷ್ಟೇ ಪರಿಚಯವಾದವರಿಗೆ ಯಾರು ಸಮಸ್ಯೆ ಹೇಳುತ್ತಾರೆ?

ನಾನು ಕೇಳುವುದು ತೀರಾ ಸಣ್ಣ ಪ್ರಶ್ನೆಗಳನ್ನು. ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡುತ್ತೀ? ಎಷ್ಟು ಬಸ್ ಬದಲಾಯಿಸುತ್ತೀ? ತಿಂಡಿ ಎಲ್ಲಿ? ಸಂಜೆ ಮನೆಗೆ ಹೋದ ಮೇಲೆ ಏನು ಕೆಲಸ ಇರುತ್ತದೆ? ಕೂತು ಓದಲು ಜಾಗ ಇದೆಯಾ? ಹೀಗೇ ಮಾತಾಡುತ್ತಿದ್ದಾಗ ಒಬ್ಬ ಹುಡುಗಿ ತನ್ನ ದಿನವನ್ನು ಬಿಡಿಸಿಟ್ಟಳು. ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕಿ, ತಮ್ಮನಿಗೆ ಬುತ್ತಿ ಕಟ್ಟಿ, ಏಳೂ ಕಾಲಿನ ಬಸ್ಸಿಗೆ ನಿಲ್ಲಬೇಕು. ಬಸ್ಸು ತುಂಬಿ ಬಂದರೆ ನಿಲ್ಲಿಸದೇ ಹೋಗುತ್ತದೆ, ಮುಂದಿನದು ಎಂಟೂವರೆಗೆ. ಮೊದಲ ಪೀರಿಯಡ್‌ನ ಹಾಜರಾತಿಯಲ್ಲಿ ಅವಳಿಗೆ ಅಷ್ಟೊಂದು ಖಾಲಿ ಏಕಿತ್ತು ಎಂಬುದು ಐದು ನಿಮಿಷದಲ್ಲಿ ತಿಳಿಯಿತು. ಅಲ್ಲಿಯವರೆಗೆ ಆ ವಿಷಯದ ಅಧ್ಯಾಪಕರ ಕಣ್ಣಿಗೆ ಅವಳು ಅಸಡ್ಡೆಯ ಹುಡುಗಿ. ವೇಳಾಪಟ್ಟಿಯಲ್ಲಿ ಆ ವಿಷಯವನ್ನು ಎರಡು ದಿನ ಎರಡನೇ ಪೀರಿಯಡ್‌ಗೆ ಸರಿಸಿದೆವು. ಅದೇ ಬಸ್ಸಿಗೆ ಕಾಯುವ ಇನ್ನೂ ಕೆಲವರಿಗೆ ಅದರಿಂದ ಅನುಕೂಲವಾಯಿತು.

ಬುದ್ಧಿವಾದ ಹೇಳುವ ಆತುರ ಬೇಡ. ಮೊದಲ ಭೇಟಿಯಲ್ಲಿ ಅವರೇ ಹೆಚ್ಚು ಮಾತಾಡಲಿ. ಅಪ್ಪ ಏನು ಮಾಡುತ್ತಾರೆ ಎಂದು ಎಲ್ಲರೆದುರು ಕೇಳಬೇಡಿ. ಅಪ್ಪ ಇಲ್ಲದ ಮಕ್ಕಳಿರುತ್ತಾರೆ, ಹೇಳಲು ಮುಜುಗರಪಡುವವರಿರುತ್ತಾರೆ. ಜಾತಿಯನ್ನಂತೂ ಕೇಳಲೇಬೇಡಿ. ಸ್ಕಾಲರ್‌ಶಿಪ್ ವಿಚಾರಕ್ಕೆ ಬೇಕಾದರೆ ಅರ್ಹತೆಯ ಪಟ್ಟಿ ತೋರಿಸಿ, "ಇದರಲ್ಲಿ ಯಾವುದು ನಿನಗೆ ಹೊಂದುತ್ತದೆ ನೋಡು" ಅಂದರೆ ಸಾಕು.

ಮೆಂಟರ್ ಕರೆದರೆ ಭಯವಾಗುತ್ತದೆ. ಕರೆಯುವುದು ಬೈಯಲಿಕ್ಕೇ ಅಲ್ಲವೇ?

ನಿಮ್ಮ ಭಯಕ್ಕೆ ಕಾರಣ ಇದೆ. ಶಾಲೆಯ ದಿನದಿಂದಲೂ ಮೇಷ್ಟ್ರು ಪ್ರತ್ಯೇಕವಾಗಿ ಕರೆದರೆಂದರೆ ಏನೋ ಎಡವಟ್ಟಾಗಿದೆ ಎಂದೇ ನಮಗೆಲ್ಲ ಅಭ್ಯಾಸ. ಅದಕ್ಕೇ ಅಧ್ಯಾಪಕರಿಗೆ ನಾನು ಪದೇ ಪದೇ ಹೇಳುವುದು: ಎಲ್ಲ ಸರಿಯಿರುವಾಗ ಕರೆಯಿರಿ. ಚೆನ್ನಾಗಿ ಅಂಕ ಬಂದಾಗ ಕರೆಯಿರಿ, ಯುವಜನೋತ್ಸವದಲ್ಲಿ ಹಾಡಿದಾಗ ಕರೆಯಿರಿ, ಏನೂ ಇಲ್ಲದಿದ್ದಾಗಲೂ ಕರೆದು ಎರಡು ಮಾತಾಡಿ. ಅಂಥ ನಾಲ್ಕು ಭೇಟಿ ಆಗಿದ್ದರೆ ಕಷ್ಟ ಬಂದಾಗ ಐದನೆಯದಕ್ಕೆ ವಿದ್ಯಾರ್ಥಿ ತಾನಾಗಿಯೇ ಬರುತ್ತಾನೆ. ಮೆಂಟರಿಂಗ್ ಬಗ್ಗೆ ಒಂದೇ ಮಾತು ಹೇಳು ಅಂದರೆ ನಾನು ಹೇಳುವುದು ಇದನ್ನೇ.

ವಿದ್ಯಾರ್ಥಿಗಳಿಗೂ ಒಂದು ಮಾತು. ಕರೆಯುವವರೆಗೆ ಕಾಯಬೇಡಿ. "ಸರ್, ಹತ್ತು ನಿಮಿಷ ಸಿಗಬಹುದಾ?" ಎಂದು ಕೇಳಿದರೆ ಬೇಡ ಅನ್ನುವ ಅಧ್ಯಾಪಕರು ಕಡಿಮೆ.

ಹಾಜರಾತಿ ಶಾರ್ಟೇಜ್ ಆಗುವ ಹಾಗಿದೆ. ಮೆಂಟರ್ ಸರಿಮಾಡಿಸಬಹುದೇ?

ಹಾಜರಾತಿಯನ್ನು ತಿದ್ದಿಸಲು ಆಗದು, ಕೇಳಲೂ ಬಾರದು. ಮೆಂಟರ್‌ನಿಂದ ಸಿಗುವುದು ಮೊದಲೇ ಕೊಡುವ ಎಚ್ಚರಿಕೆ. ಎಂಜಿನಿಯರಿಂಗ್ ಕಾಲೇಜುಗಳ ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರತಿ ವಿಷಯಕ್ಕೂ ಶೇ 85 ಹಾಜರಾತಿ ಬೇಕು. ಕಾಯಿಲೆಯಂಥ ಒಪ್ಪಬಹುದಾದ ಕಾರಣವಿದ್ದು ದಾಖಲೆ ಇದ್ದರೆ ಶೇ 75ರವರೆಗೆ ವಿನಾಯಿತಿ ಪಡೆಯಲು ಅವಕಾಶವಿದೆ. ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳ ಪದವಿ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಶೇ 75 ಎಂಬ ನಿಯಮವಿದೆ.

ಶೇಕಡಾ ಲೆಕ್ಕ ವಿದ್ಯಾರ್ಥಿಗಳಿಗೆ ತಟ್ಟುವುದಿಲ್ಲ. ಅದನ್ನು ತರಗತಿಗಳ ಲೆಕ್ಕಕ್ಕೆ ಇಳಿಸಿ ತೋರಿಸಿ. ಸೆಮಿಸ್ಟರ್‌ನಲ್ಲಿ 40 ತರಗತಿ ಇರುವ ವಿಷಯಕ್ಕೆ ಶೇ 85 ಅಂದರೆ 34, ತಪ್ಪಿಸಿಕೊಳ್ಳಬಹುದಾದದ್ದು 6. ಐದನೇ ವಾರದ ಹೊತ್ತಿಗೆ 15 ತರಗತಿ ಆಗಿ ಅದರಲ್ಲಿ 5 ತಪ್ಪಿಸಿದ್ದರೆ, ಉಳಿದ 25ರಲ್ಲಿ ತಪ್ಪಿಸಲು ಮಿಕ್ಕಿರುವುದು ಒಂದೇ ಒಂದು. ಈ ಮಾತನ್ನು ಐದನೇ ವಾರದಲ್ಲಿ ಹೇಳಿದರೆ ಪ್ರಯೋಜನ ಉಂಟು. ಹದಿಮೂರನೇ ವಾರದಲ್ಲಿ ಡಿಟೆನ್ಷನ್ ಪಟ್ಟಿ (ಹಾಜರಾತಿ ಸಾಲದೆ ಪರೀಕ್ಷೆ ತಪ್ಪುವವರ ಪಟ್ಟಿ) ನೋಟಿಸ್ ಬೋರ್ಡಿಗೆ ಬಂದ ಮೇಲೆ ಅಪ್ಪ ಅಮ್ಮನನ್ನು ಕರೆಸಿ ಹೇಳಿದರೆ ಯಾರಿಗೂ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದೇನೆ. ತರಗತಿಯಲ್ಲಿ ಏನೂ ಅರ್ಥವಾಗುತ್ತಿಲ್ಲ. ಇದನ್ನು ಮೆಂಟರ್‌ಗೆ ಹೇಳಬಹುದೇ?

ಖಂಡಿತ ಹೇಳಿ. ಮೊದಲ ಸೆಮಿಸ್ಟರ್‌ನಲ್ಲಿ ನನ್ನ ಬಳಿ ಬರುವ ದೂರುಗಳಲ್ಲಿ ಇದೇ ದೊಡ್ಡದು. ಎಸ್‌ಎಸ್‌ಎಲ್‌ಸಿಯಲ್ಲಿ ಶಾಲೆಗೇ ಮೊದಲು ಬಂದ ಹುಡುಗ, ಇಂಗ್ಲಿಷಿನ ವೇಗದ ಪಾಠದ ಮುಂದೆ ಕೂತು ತಾನು ದಡ್ಡ ಎಂದು ತೀರ್ಮಾನ ಮಾಡಿಕೊಂಡು ಬಿಡುತ್ತಾನೆ. ಆ ತೀರ್ಮಾನ ಗಟ್ಟಿಯಾಗುವ ಮುಂಚೆಯೇ ಅದನ್ನು ಮುರಿಯಬೇಕು.

ಮೆಂಟರ್ ಆದವರು ಕನ್ನಡದಲ್ಲೇ ಮಾತಾಡಿ. "ಇಂಗ್ಲಿಷ್ ಇಂಪ್ರೂವ್ ಮಾಡ್ಕೋ" ಎಂದು ಹೇಳಿ ಕಳಿಸುವುದು ಉಪಯೋಗಕ್ಕೆ ಬಾರದ ಸಲಹೆ. ಪ್ರತಿ ವಿಷಯದಲ್ಲಿ ಮುಖ್ಯವಾದ ಪಾರಿಭಾಷಿಕ ಪದಗಳು ಎಷ್ಟಿರುತ್ತವೆ ಎಂದು ನೋಡಿದರೆ, ಹೆದರುವಷ್ಟು ಇರುವುದಿಲ್ಲ. ಹಿಂದಿನ ಪ್ರಶ್ನೆಪತ್ರಿಕೆ ತೆಗೆದು ಅದರಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ನೋಟ್‌ಬುಕ್ಕಿನ ಒಂದು ಬದಿಗೆ ಬರೆಯಿಸಿ, ಪಕ್ಕದಲ್ಲಿ ಅವನದೇ ಮಾತಿನ ಕನ್ನಡ ವಿವರಣೆ ಬರೆಯಲು ಹೇಳಿ. ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಕಲಿತ ವೇಗೋತ್ಕರ್ಷದಂಥವೇ ಹೊಸ ಹೆಸರಿನಲ್ಲಿ ಎದುರಾಗುತ್ತಿವೆ ಎಂದು ಗೊತ್ತಾದ ದಿನ ಅರ್ಧ ಭಾರ ಇಳಿಯುತ್ತದೆ. ಡಿಪ್ಲೊಮಾ ಮುಗಿಸಿ ಮೂರನೇ ಸೆಮಿಸ್ಟರ್‌ಗೆ ನೇರ ಬರುವ ವಿದ್ಯಾರ್ಥಿಗಳಿಗೆ ಭಾಷೆಗಿಂತ ಗಣಿತವೇ ತೊಡಕು. ಅವರಿಗೆ ಮೊದಲ ವಾರದಿಂದಲೇ ಗಣಿತದ ಅಧ್ಯಾಪಕರ ಸಂಪರ್ಕ ಕಲ್ಪಿಸಿ.

ಬ್ಯಾಕ್‌ಲಾಗ್ ಉಳಿದಿದೆ. ಮೆಂಟರ್ ಏನು ಸಹಾಯ ಮಾಡಬಲ್ಲರು?

ಒಂದು ವಿಷಯ ಉಳಿದಿದೆ ಎಂದರೆ ಅದಕ್ಕೆ ಕಾರಣ ನಾಲ್ಕಾರು ಇರಬಹುದು. ಅದು ಯಾವುದು ಎಂದು ಹುಡುಕಬೇಕು. ಇಂಟರ್ನಲ್ಸ್‌ನ (ಕಾಲೇಜೇ ನಡೆಸುವ ಟೆಸ್ಟ್‌ಗಳ) ಬ್ಲೂ ಬುಕ್, ಅಂದರೆ ಉತ್ತರ ಪುಸ್ತಿಕೆ ತರಿಸಿಕೊಂಡು ವಿದ್ಯಾರ್ಥಿಯ ಜೊತೆ ಪುಟ ಪುಟ ನೋಡಿ. ಮೂರು ಪ್ರಶ್ನೆಗೆ ಪೂರ್ಣ ಉತ್ತರ ಇದ್ದು ನಾಲ್ಕನೆಯದು ಅರ್ಧಕ್ಕೆ ನಿಂತಿದ್ದರೆ ಸಮಯದ ತೊಂದರೆ. ವ್ಯಾಖ್ಯಾನ ಎಲ್ಲ ಸರಿಯಿದ್ದು ಲೆಕ್ಕದ ಎರಡನೇ ಹಂತದಲ್ಲೇ ಎಡವುತ್ತಿದ್ದರೆ ಅದರ ಬೇರು ಪಿಯುಸಿಯಲ್ಲಿರುತ್ತದೆ. ಪುಟಗಟ್ಟಲೆ ಬರೆದಿದ್ದೂ ಅಂಕ ಬಂದಿಲ್ಲ ಅಂದರೆ ಪ್ರಶ್ನೆ ಓದುವುದರಲ್ಲೇ ಎಡವಟ್ಟು. ಖಾಲಿ ಪುಟ ಇದ್ದರೆ ಆ ದಿನ ಏನಾಗಿತ್ತು ಎಂದು ಕೇಳಿ. ಒಮ್ಮೊಮ್ಮೆ ಉತ್ತರ ಪಠ್ಯದ ಹೊರಗಿರುತ್ತದೆ.

ವಿಟಿಯು ಎಂಜಿನಿಯರಿಂಗ್‌ನಲ್ಲಿ ಇಂಟರ್ನಲ್ಸ್‌ಗೆ 50ಕ್ಕೆ 20 ಬಾರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ. ಹಾಗಾಗಿ ಮೊದಲ ಟೆಸ್ಟ್ ಮುಗಿದ ವಾರವೇ ಮೆಂಟರ್ ಅಂಕಪಟ್ಟಿ ನೋಡಬೇಕು. ಇನ್ನೊಂದು ಮರೆತುಹೋಗುವ ಸಂಗತಿ, ತರಗತಿಯ ಹೊರಗಿನ ಚಟುವಟಿಕೆಗಳಿಗೆ ಸಿಗುವ ಆ್ಯಕ್ಟಿವಿಟಿ ಪಾಯಿಂಟ್ಸ್: ಎಂಜಿನಿಯರಿಂಗ್ ಪದವಿ ಪಡೆಯಲು 100 ಪಾಯಿಂಟ್, ಡಿಪ್ಲೊಮಾದಿಂದ ಬಂದವರಿಗೆ 75. ಕೊನೆಯ ಸೆಮಿಸ್ಟರ್‌ನಲ್ಲಿ ಎಲ್ಲ ವಿಷಯ ಪಾಸಾಗಿ ಇದಕ್ಕಾಗಿ ಪರದಾಡುವವರನ್ನು ನೋಡಿದರೆ ಬೇಸರವಾಗುತ್ತದೆ.

ಮನೆಯಲ್ಲಿ ಹಣದ ತೊಂದರೆ. ಇದನ್ನೂ ಮೆಂಟರ್ ಬಳಿ ಹೇಳುವುದೇ?

ಹೇಳಲೇಬೇಕು, ಅದೂ ಬೇಗ. ರಾಜ್ಯದ ಬಹುತೇಕ ವಿದ್ಯಾರ್ಥಿವೇತನಗಳು ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಬರುತ್ತವೆ. ಕೇಂದ್ರದ ಯೋಜನೆಗಳಿಗೆ ಎನ್‌ಎಸ್‌ಪಿ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಸಿಗದಿದ್ದರೆ ಊಟ ವಸತಿಗೆ ವಿದ್ಯಾಸಿರಿ ಇದೆ. ಅರ್ಹತೆ ಇದ್ದೂ ಹಣ ಬಾರದೇ ಹೋಗುವುದಕ್ಕೆ ಕಾರಣ ನೋಡಿದರೆ ತೀರಾ ಚಿಕ್ಕವು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಬ್ಯಾಂಕ್ ಖಾತೆ ಇದೆ, ಅದಕ್ಕೆ ಆಧಾರ್ ಸೀಡಿಂಗ್ (ಜೋಡಣೆ) ಆಗಿಲ್ಲ. ಇ-ದೃಢೀಕರಣಕ್ಕೆ (ಆನ್‌ಲೈನ್ ದಾಖಲೆ ಪರಿಶೀಲನೆಗೆ) ದಾಖಲೆ ಕೊಟ್ಟಿಲ್ಲ. ಈ ನಾಲ್ಕನ್ನು ಸೆಮಿಸ್ಟರ್ ಶುರುವಾದ ಕೂಡಲೇ ತನ್ನ ಗುಂಪಿನ ಪ್ರತಿಯೊಬ್ಬರಿಂದ ಕೇಳಿ ತಿಳಿದುಕೊಳ್ಳುವ ಮೆಂಟರ್, ಹತ್ತು ಉಪದೇಶ ಮಾಡುವ ಮೆಂಟರ್‌ಗಿಂತ ದೊಡ್ಡ ಕೆಲಸ ಮಾಡಿದಂತೆ.

ಅಧ್ಯಾಪಕರೇ ಕೈಯಿಂದ ಫೀ ಕಟ್ಟಬೇಕಾ ಎಂದು ಕೆಲವರು ಕೇಳುತ್ತಾರೆ. ಎಷ್ಟೋ ಮಂದಿ ಸದ್ದಿಲ್ಲದೆ ಕಟ್ಟಿದ್ದಾರೆ, ಅವರ ದೊಡ್ಡ ಮನಸ್ಸಿಗೆ ನಮಸ್ಕಾರ. ಆದರೆ ಅದು ಮೆಂಟರ್‌ನ ಕರ್ತವ್ಯ ಅಲ್ಲ. ಕೊಟ್ಟರೂ ಪ್ರಾಂಶುಪಾಲರ ಅಥವಾ ಹಳೆಯ ವಿದ್ಯಾರ್ಥಿ ಸಂಘದ ಮೂಲಕ ಕೊಡಿ. ಋಣದ ಭಾರ ಇರುವ ವಿದ್ಯಾರ್ಥಿ ನಿಮ್ಮೆದುರು ಮನಸ್ಸು ಬಿಚ್ಚಿ ಮಾತಾಡಲಾರ.

ನಾನು ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಯೇ?

ಉಳಿಯಬೇಕು, ಒಂದು ಎಲ್ಲೆಯವರೆಗೆ. ಪ್ರೀತಿ, ಮನೆಯ ಜಗಳ, ಅಪ್ಪನ ಕುಡಿತ, ಕೋರ್ಸ್ ಬಗೆಗಿನ ಬೇಸರ ಇವನ್ನು ಸ್ಟಾಫ್ ರೂಮಿನಲ್ಲಿ ಹಂಚಿಕೊಳ್ಳುವ ಮೆಂಟರ್ ಆ ಹುದ್ದೆಗೆ ಅನರ್ಹ. ಎಲ್ಲರೂ ನೋಡುವ ಮೆಂಟರ್ ಡೈರಿಯಲ್ಲೂ ಇವನ್ನು ಬರೆಯಬಾರದು.

ಆದರೆ ಮೂರು ಸಂದರ್ಭಗಳಲ್ಲಿ ಗುಟ್ಟು ಕಾಯಲಾಗದು: ವಿದ್ಯಾರ್ಥಿಯ ಜೀವಕ್ಕೆ ಅಪಾಯ ಇದ್ದಾಗ, ಅವರಿಂದ ಬೇರೆಯವರಿಗೆ ಅಪಾಯ ಇದ್ದಾಗ, 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ. ಮೊದಲ ಸೆಮಿಸ್ಟರ್‌ನ ಎಷ್ಟೋ ಮಕ್ಕಳಿಗೆ ಇನ್ನೂ 17. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥ ಸಂಗತಿ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಎಲ್ಲೆಯನ್ನು ವಿದ್ಯಾರ್ಥಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ಇದು ಸಾವಿರ ಪಾಲು ಮೇಲು.

ವಿದ್ಯಾರ್ಥಿ "ಬದುಕಿ ಏನು ಪ್ರಯೋಜನ" ಎನ್ನುವಂತೆ ಮಾತಾಡಿದರೆ ಮೆಂಟರ್ ಏನು ಮಾಡಬೇಕು?

ಎಲ್ಲ ಕೆಲಸ ಬದಿಗಿಟ್ಟು ಕೇಳಿಸಿಕೊಳ್ಳಿ. "ಹಾಗೆಲ್ಲ ಮಾತಾಡಬಾರದು", "ನಿನ್ನ ಅಪ್ಪ ಅಮ್ಮನ್ನ ಯೋಚಿಸು" ಎನ್ನಬೇಡಿ. ಅವು ಬಾಯಿ ಮುಚ್ಚಿಸುವ ಮಾತುಗಳು. "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಹಾಸ್ಟೆಲ್ ಕೋಣೆಗೂ ಒಬ್ಬರನ್ನೇ ಕಳಿಸಬೇಡಿ. ಕಾಲೇಜಿನ ಆಪ್ತಸಮಾಲೋಚಕರಿಗೂ, ಮನೆಯಲ್ಲಿ ವಿದ್ಯಾರ್ಥಿ ನಂಬುವ ಒಬ್ಬರಿಗೂ ಅಂದೇ ತಿಳಿಸಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. ಅಪಾಯ ಕಣ್ಣೆದುರೇ ಇದ್ದರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಮೆಂಟರ್ ಮನೋವೈದ್ಯರಲ್ಲ. ಗುರುತಿಸುವುದು, ಜೊತೆಗಿರುವುದು, ಬಲ್ಲವರ ಕೈಗೆ ಒಪ್ಪಿಸುವುದು, ಆಮೇಲೆ ಮತ್ತೆ ವಿಚಾರಿಸುವುದು: ಇಷ್ಟು ನಿಮ್ಮ ಪಾಲು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕರನ್ನಾದರೂ ಹೊಂದಿರಬೇಕು ಎಂದಿದೆ. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಲಿಖಿತವಾಗಿ ಕೇಳಿ.

ಮೆಂಟರ್‌ನಿಂದಲೇ ತೊಂದರೆಯಾದರೆ? ಮೆಂಟರ್ ಬದಲಾಯಿಸಬಹುದೇ?

ಬದಲಾಯಿಸಬಹುದು. ಹೊಂದಾಣಿಕೆ ಆಗುತ್ತಿಲ್ಲ ಎಂಬಷ್ಟೇ ಕಾರಣವಿದ್ದರೂ ವಿಭಾಗದ ಮುಖ್ಯಸ್ಥರನ್ನು ಕೇಳಿ, ಕಾರಣವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ತಡರಾತ್ರಿಯ ಮೆಸೇಜು, ಕಾಲೇಜಿನ ಹೊರಗೆ ಒಬ್ಬಳೇ ಬಾ ಎನ್ನುವುದು, ಮೈಮುಟ್ಟಿ ಮಾತಾಡುವುದು, ಇಂಟರ್ನಲ್ಸ್ ಅಂಕದ ಬೆದರಿಕೆ ಇವು ಹೊಂದಾಣಿಕೆಯ ಪ್ರಶ್ನೆಯಲ್ಲ, ದೂರು ಕೊಡಬೇಕಾದ ಅಪರಾಧ. ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು, ಅಲ್ಲಿಗೆ ನೇರ ಹೋಗಬಹುದು. ಜಾತಿ ಹಿಡಿದು ಅವಮಾನಿಸಿದರೆ ಎಸ್‌ಸಿ ಎಸ್‌ಟಿ ಘಟಕ, ಪ್ರಾಂಶುಪಾಲರು, ಕೊನೆಗೆ ಪೊಲೀಸರೂ ಇದ್ದಾರೆ. ರ‍್ಯಾಗಿಂಗ್ ಇದ್ದರೆ ಯುಜಿಸಿಯ ಸಹಾಯವಾಣಿ 1800-180-5522.

ಅಧ್ಯಾಪಕರಿಗೆ ನನ್ನ ಸಲಹೆ: ಭೇಟಿ ಕಾಲೇಜಿನ ಆವರಣದಲ್ಲೇ, ಬಾಗಿಲು ತೆರೆದೇ ಇರಲಿ. ಮಾತು ಹೊರಗೆ ಕೇಳಿಸದಷ್ಟು ದೂರ, ಆದರೆ ಕಣ್ಣಿಗೆ ಕಾಣುವಷ್ಟು ಹತ್ತಿರ. ಗ್ರಂಥಾಲಯದ ಮೂಲೆ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಪೋಷಕರು ಮೆಂಟರ್‌ಗೆ ಯಾವಾಗ ಫೋನ್ ಮಾಡಬಹುದು?

ಫಲಿತಾಂಶ ಬಂದ ದಿನ ಮಾತ್ರ ಮಾಡಬೇಡಿ. ಸೆಮಿಸ್ಟರ್‌ಗೆ ಒಮ್ಮೆ ಖುದ್ದು ಬನ್ನಿ, ಕೂಲಿ ಕೆಲಸ ಬಿಟ್ಟು ಬರಲಾಗದಿದ್ದರೆ ಫೋನಿನಲ್ಲಿ ಐದು ನಿಮಿಷ ಮಾತಾಡಿ. ಮನೆಯಲ್ಲಿ ಸಾವು, ಕಾಯಿಲೆ, ದೊಡ್ಡ ಸಾಲ ಇಂಥದ್ದೇನಾದರೂ ಆದರೆ ತಿಳಿಸಿ. ಮಗಳ ಮದುವೆಯನ್ನು ಅಂತಿಮ ವರ್ಷದ ನಡುವೆ ನಿಶ್ಚಯಿಸುವ ಮುನ್ನ ದಯವಿಟ್ಟು ಅವಳನ್ನು ಕೇಳಿ. ಆರನೇ ಸೆಮಿಸ್ಟರ್ ತಲುಪಿ ಕಾಲೇಜು ಬಿಟ್ಟ ಹುಡುಗಿಯರ ಹೆಸರು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದಿರುವುದನ್ನು ಕಂಡಾಗ ನಮಗೆ ಆಗುವ ಸಂಕಟ ಸಣ್ಣದಲ್ಲ. ಪದವಿ ಮುಗಿಯಲು ಇನ್ನಿರುವುದು ಕೆಲವೇ ತಿಂಗಳು ಎಂದು ಮನೆಗೆ ಹೋಗಿ ಕೈಮುಗಿದು ಕೇಳಿದ ಅಧ್ಯಾಪಕರಿದ್ದಾರೆ, ಕೇಳಿ ಒಪ್ಪಿದ ತಂದೆತಾಯಿಯರೂ ಇದ್ದಾರೆ.

ಮುಂದೇನು ಮಾಡಬೇಕೆಂದು ಗೊತ್ತಿಲ್ಲ. ಮೆಂಟರ್ ಹೇಳಿಕೊಡುತ್ತಾರಾ?

ಎಲ್ಲ ದಾರಿಗಳೂ ಒಬ್ಬ ಮೆಂಟರ್‌ಗೆ ಗೊತ್ತಿರುವುದಿಲ್ಲ. ಗೊತ್ತಿರುವವರ ಬಳಿಗೆ ಕಳಿಸುವುದು ಮಾತ್ರ ಅವರಿಗೆ ಗೊತ್ತಿರಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಬಳಿ ಸಂಶೋಧನೆ ಆರಂಭಿಸಿದ ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ, ಪಿಎಚ್‌ಡಿಗೆ ಹೋದದ್ದು ಅಮೆರಿಕದ ಕ್ಯಾಲ್ಟೆಕ್‌ನ ಹ್ಯಾನ್ಸ್ ಲೀಪ್‌ಮನ್ ಅವರ ಬಳಿಗೆ. ಧವನ್ ಅವರ ಗುರುವೂ ಲೀಪ್‌ಮನ್ ಅವರೇ. ಪದವಿ ಪಡೆದು ನರಸಿಂಹ ಬೆಂಗಳೂರಿಗೇ ಮರಳಿ ಇಲ್ಲಿ ಮತ್ತೊಂದು ತಲೆಮಾರನ್ನು ಬೆಳೆಸಿದರು. ಅಷ್ಟು ಎತ್ತರದ ಉದಾಹರಣೆ ಯಾಕೆ ಅನ್ನಬೇಡಿ. ಹಾವೇರಿಯ ಪದವಿ ಕಾಲೇಜಿನ ಭೌತಶಾಸ್ತ್ರ ಅಧ್ಯಾಪಕಿ ತನ್ನ ವಿದ್ಯಾರ್ಥಿನಿಯನ್ನು ಧಾರವಾಡದಲ್ಲಿ ಎಂಎಸ್ಸಿ ಓದುತ್ತಿರುವ ಹಳೆಯ ವಿದ್ಯಾರ್ಥಿನಿಗೆ ಪರಿಚಯಿಸಿದರೂ ಕೆಲಸ ಅದೇ.

ದಿನಾಂಕಗಳ ಅರಿವು ಮುಖ್ಯ, ಇಲ್ಲಿ ಕಳೆದುಕೊಳ್ಳುವವರೇ ಹೆಚ್ಚು. ಎಂಟೆಕ್ ಪ್ರವೇಶಕ್ಕೆ ಬೇಕಾಗುವ ಗೇಟ್ ಪರೀಕ್ಷೆ ಫೆಬ್ರವರಿಯಲ್ಲಿ, ಆದರೆ ಅರ್ಜಿ ಹಾಕುವುದು ಹಿಂದಿನ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ. ರಾಜ್ಯದಲ್ಲಿ ಎಂಬಿಎ, ಎಂಸಿಎ, ಎಂಟೆಕ್ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ. ಬಿಎಸ್ಸಿಯವರಿಗೆ ಎಂಎಸ್ಸಿ ಪ್ರವೇಶಕ್ಕೆ ಐಐಟಿಗಳ ಜ್ಯಾಮ್ ಪರೀಕ್ಷೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜೊತೆಯಾಗಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಹಳ್ಳಿ ಕಡೆಯ ಕಾಲೇಜುಗಳಲ್ಲಿ ಹಲವರಿಗೆ ಗೊತ್ತೇ ಇಲ್ಲ. ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಕಾಶ ಅದು. ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಬರುವ ಅನೇಕ ಕಂಪನಿಗಳು ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಶೇ 60 ಕೇಳುತ್ತವೆ, ಬ್ಯಾಕ್‌ಲಾಗ್ ಇರಬಾರದು ಅನ್ನುತ್ತವೆ. ಅಂತಿಮ ವರ್ಷದಲ್ಲಿ ಇದು ತಿಳಿದರೆ ತಡ.

ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಎಂದು ಹೊರಟವರಿಗೆ ನನ್ನ ಒಂದೇ ಒತ್ತಾಯ. ಓದುತ್ತ ಹೋಗಿ, ಆದರೆ ಅಧಿಸೂಚನೆ ತಡವಾಗುವುದು, ಪರೀಕ್ಷೆ ಮುಂದೂಡುವುದು ಇಲ್ಲಿ ಮಾಮೂಲು. ಆ ಕಾಯುವ ವರ್ಷಗಳಿಗೆ ಬಿಎಡ್, ಟ್ಯಾಲಿ, ಒಂದು ಅರೆಕಾಲಿಕ ಕೆಲಸ ಹೀಗೆ ಇನ್ನೊಂದು ಆಧಾರ ಮೊದಲೇ ಹುಡುಕಿಟ್ಟುಕೊಳ್ಳಿ. ಇನ್ನು ಸಾಮಾನ್ಯ ಪದವಿಯ ವಿಚಾರ. ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಅಣ್ಣನಿಗೆ ಇದ್ದ ನಿಯಮ ತಂಗಿಗೆ ಇಲ್ಲ, ಆದ್ದರಿಂದ ಮನೆಯವರ ಅನುಭವದ ಮೇಲೆ ಮಾತ್ರ ನಂಬಿಕೆ ಇಡದೆ ನಿಮ್ಮ ಬ್ಯಾಚಿನ ನಿಯಮ ಕೇಳಿ ತಿಳಿಯಿರಿ.

ಶಿಫಾರಸು ಪತ್ರವನ್ನು ಮೆಂಟರ್ ಬಳಿಯೇ ಕೇಳಬೇಕೇ?

ನಿಮ್ಮನ್ನು ಹತ್ತಿರದಿಂದ ಕಂಡವರನ್ನು ಕೇಳಿ. ಮೂರು ವಾರ ಮೊದಲೇ ಕೇಳಿ, ಜೊತೆಗೆ ಅಂಕಪಟ್ಟಿ ಮತ್ತು ಅರ್ಜಿಯ ವಿವರ ಕೊಡಿ. ಅಧ್ಯಾಪಕರಲ್ಲಿ ವಿನಂತಿ: "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎನ್ನಬೇಡಿ. "ಪ್ರಾಮಾಣಿಕ, ಶ್ರಮಜೀವಿ" ಎಂದು ಬರೆದ ಪತ್ರ ಓದುವವರಿಗೆ ಏನನ್ನೂ ಹೇಳುವುದಿಲ್ಲ. ಲ್ಯಾಬಿನ ಹಾಳಾದ ಸಿಆರ್‌ಒ ಉಪಕರಣ (ಆಸಿಲೋಸ್ಕೋಪ್) ಸರಿಯಾಗುವವರೆಗೆ ಸಂಜೆ ಉಳಿದುಕೊಂಡ ಒಂದು ಘಟನೆ ಬರೆದರೆ ಆ ವಿದ್ಯಾರ್ಥಿ ಕಣ್ಣಿಗೆ ಕಾಣುತ್ತಾನೆ.

ಮೆಂಟರ್ ಡೈರಿಯಲ್ಲಿ ಏನಿರಬೇಕು?

ದಿನಾಂಕ, ಹಾಜರಾತಿ, ಇಂಟರ್ನಲ್ಸ್ ಅಂಕ, ಏನು ಮಾಡುವುದೆಂದು ಇಬ್ಬರೂ ಒಪ್ಪಿದೆವು, ಮುಂದಿನ ಭೇಟಿ ಯಾವಾಗ. ಇಷ್ಟೇ. "ವಿದ್ಯಾರ್ಥಿಗೆ ಚೆನ್ನಾಗಿ ಓದಲು ಸೂಚಿಸಲಾಯಿತು" ಎಂಬ ವಾಕ್ಯ ದಯವಿಟ್ಟು ಬೇಡ. "ಗಣಿತ ಎರಡನೇ ಮಾಡ್ಯೂಲ್, ಶನಿವಾರ ಗೆಳತಿಯ ಜೊತೆ ಐದು ಲೆಕ್ಕ, ಮುಂದಿನ ಬುಧವಾರ ತೋರಿಸುವುದು" ಎಂದು ಬರೆದಿದ್ದರೆ ಬುಧವಾರ ಕೇಳಲು ಏನೋ ಇರುತ್ತದೆ.

ವಾಟ್ಸ್ಆ್ಯಪ್ ಗ್ರೂಪ್ ಇದ್ದರೆ ಸಾಲದೇ?

ಸೂಚನೆ ತಿಳಿಸಲು ಸಾಕು, ಮೆಂಟರಿಂಗ್‌ಗೆ ಸಾಲದು. ಗ್ರೂಪಿನಲ್ಲಿ ಅಂಕಪಟ್ಟಿ ಹಾಕುವುದನ್ನು ಇವತ್ತೇ ನಿಲ್ಲಿಸಿ.

ನಾನು ಅತಿಥಿ ಉಪನ್ಯಾಸಕ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ. ನನಗೂ ಮೆಂಟರ್ ಕೆಲಸ ಕೊಟ್ಟಿದ್ದಾರೆ.

ಸರ್ಕಾರಿ ಕಾಲೇಜುಗಳ ಪಾಠದ ಭಾರವನ್ನು ಬಹಳ ಮಟ್ಟಿಗೆ ಹೊತ್ತಿರುವವರು ನೀವೇ. ನಿಮಗೆ ಭದ್ರತೆ ಇಲ್ಲದೆ ವಿದ್ಯಾರ್ಥಿಗೆ ಭರವಸೆ ಕೊಡು ಎಂದು ಕೇಳುವುದು ಅನ್ಯಾಯ, ಅದನ್ನು ಸರ್ಕಾರ ಸರಿಪಡಿಸಬೇಕು. ಸದ್ಯಕ್ಕೆ ಒಂದು ವ್ಯವಸ್ಥೆ ಮಾಡಬಹುದು. ಪ್ರತಿ ಗುಂಪಿಗೂ ನಿಮ್ಮ ಜೊತೆ ಒಬ್ಬ ಕಾಯಂ ಅಧ್ಯಾಪಕರ ಹೆಸರು ಇರಲಿ, ಡೈರಿ ಇಬ್ಬರ ಬಳಿಯೂ ಇರಲಿ. ನೀವು ಹೊರಟ ದಿನ ವಿದ್ಯಾರ್ಥಿಗಳು ಅನಾಥರಾಗುವುದಿಲ್ಲ. ಹಾಗೆಯೇ, ನೀವು ಹುದ್ದೆಗೆ ಹೊಸಬರು, ವಯಸ್ಸಿನಲ್ಲಿ ವಿದ್ಯಾರ್ಥಿಗಳಿಗೆ ಹತ್ತಿರ. ಅವರು ಮೊದಲು ಮಾತಾಡುವುದು ನಿಮ್ಮ ಬಳಿಯೇ ಎಂಬುದನ್ನು ಕಂಡಿದ್ದೇನೆ.

ನಮ್ಮ ಕಾಲೇಜಿನಲ್ಲಿ ಮೆಂಟರ್ ಹೆಸರಿಗಷ್ಟೇ ಇದ್ದಾರೆ. ನಾನೇನು ಮಾಡಲಿ?

ನಿಮಗೆ ಇಷ್ಟವಾದ, ನಿಮ್ಮ ಪ್ರಶ್ನೆಗೆ ಸಿಡುಕದ ಒಬ್ಬ ಅಧ್ಯಾಪಕರನ್ನು ನೀವೇ ಆರಿಸಿಕೊಳ್ಳಿ. ಅವರು ನಿಮ್ಮ ವಿಭಾಗದವರೇ ಆಗಬೇಕಿಲ್ಲ. ಗ್ರಂಥಪಾಲಕರು, ದೈಹಿಕ ಶಿಕ್ಷಣ ನಿರ್ದೇಶಕರು, ಎನ್‌ಎಸ್‌ಎಸ್ ಅಧಿಕಾರಿ ಇವರಲ್ಲಿ ತುಂಬಾ ಒಳ್ಳೆಯ ಮೆಂಟರ್‌ಗಳಿದ್ದಾರೆ. ಮಧ್ಯಾಹ್ನ ಊಟದ ಬಿಡುವಿನ ಕೊನೆಯ ಹತ್ತು ನಿಮಿಷ ಕೇಳಿ. ಬರಿಗೈಯಲ್ಲಿ ಹೋಗಬೇಡಿ. ಅಂಕಪಟ್ಟಿ ಮತ್ತು ಒಂದು ಚೀಟಿಯಲ್ಲಿ ಬರೆದ ಎರಡು ಪ್ರಶ್ನೆ ಜೊತೆಗಿರಲಿ. ಹೊರಡುವ ಮುನ್ನ, "ಎರಡು ವಾರ ಬಿಟ್ಟು ಮತ್ತೆ ಬರಲಾ?" ಎಂದು ಕೇಳಿ ದಿನ ಗೊತ್ತು ಮಾಡಿಕೊಂಡೇ ಬನ್ನಿ.